ಚಿತ್ರವಿಲ್ಲದ ಫೈಲುಗಳು

1985ರ ಜುಲೈ 23ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ಕಾಮೊಡೋರ್ ಕಂಪನಿ ‘ಅಮಿಗಾ’ ಎಂಬ ಕಂಪ್ಯೂಟರನ್ನು ಬಿಡುಗಡೆ ಮಾಡಿತು. ಕಲಾವಿದ ಆಂಡಿ ವಾರ್ಹೋಲ್ ವೇದಿಕೆಯ ಮೇಲೆ ಕುಳಿತು, ಗಾಯಕಿ ಡೆಬ್ಬಿ ಹ್ಯಾರಿಯ ಭಾವಚಿತ್ರಕ್ಕೆ ಮೌಸ್ ಹಿಡಿದು ಬಣ್ಣ ತುಂಬಿದ. ಅಮಿಗಾದ ಬಗ್ಗೆ ಬಂದಿರುವ ಬಹುತೇಕ ಬರಹಗಳು ಈ ದೃಶ್ಯದಿಂದ ಹೊರಟು, ಅದರ ಬಣ್ಣ, ಸಂಗೀತ, ಆಟಗಳನ್ನು ಹೊಗಳಿ, 1994ರಲ್ಲಿ ಕಾಮೊಡೋರ್ ದಿವಾಳಿಯಾದ ದುಃಖದಲ್ಲಿ ಮುಗಿಯುತ್ತವೆ. ನನಗೆ ಕುತೂಹಲ ಇರುವುದು ಇದಕ್ಕಿಂತ ಸಪ್ಪೆಯಾದ ಒಂದು ಸಂಗತಿಯಲ್ಲಿ: ಈ ಯಂತ್ರವನ್ನು ಮನೆಗೆ ತಂದವರು ತಮ್ಮ ಫ್ಲಾಪಿಯೊಳಗೆ ಏನೇನಿದೆ ಎಂದು ಹೇಗೆ ನೋಡುತ್ತಿದ್ದರು?

ಉತ್ತರ ಅಷ್ಟು ಸುಲಭದ್ದಲ್ಲ. ಅಮಿಗಾ ಶುರುವಾದಾಗ ಕಾಣುವ ‘ವರ್ಕ್‌ಬೆಂಚ್’ ಎಂಬ ಪರದೆಯಲ್ಲಿ ಫ್ಲಾಪಿಗೆ ಒಂದು ಪುಟ್ಟ ಚಿತ್ರ, ಅದನ್ನು ತೆರೆದರೆ ಒಳಗಿನ ಡ್ರಾಯರುಗಳಿಗೆ ಇನ್ನಷ್ಟು ಚಿತ್ರಗಳು. ನೋಡಲು ಚೆಂದ. ಆದರೆ ಇಲ್ಲೊಂದು ತೊಡಕಿತ್ತು. ‘ಪತ್ರ’ ಎಂಬ ಫೈಲಿನ ಚಿತ್ರ ಕಾಣಬೇಕಾದರೆ ಅದರ ಜೊತೆಗೆ ‘ಪತ್ರ ಡಾಟ್ ಇನ್ಫೋ’ ಎಂಬ ಇನ್ನೊಂದು ಫೈಲ್ ಇರಬೇಕು. ಆ ಜೊತೆಗಾರ ಇಲ್ಲದಿದ್ದರೆ ಫೈಲ್ ಫ್ಲಾಪಿಯಲ್ಲಿ ಭದ್ರವಾಗಿದ್ದರೂ ಪರದೆಯ ಮೇಲೆ ಇಲ್ಲವೇ ಇಲ್ಲ. ಎಲ್ಲ ಫೈಲುಗಳನ್ನೂ ತೋರಿಸು ಎನ್ನುವ ಸೌಲಭ್ಯ ವರ್ಕ್‌ಬೆಂಚಿಗೆ ಬಂದದ್ದು 1990ರ ಎರಡನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಐದು ವರ್ಷ, ಬಳಕೆದಾರ ತನ್ನದೇ ಮನೆಯಲ್ಲಿ ದೀಪ ಇಟ್ಟ ಕೋಣೆಗಳನ್ನಷ್ಟೇ ನೋಡುತ್ತಿದ್ದ.

ಇದಕ್ಕೆ ಕಾರಣ ಅಮಿಗಾದ ಹುಟ್ಟಿನಲ್ಲೇ ಇದೆ. ಕಿಟಕಿ, ಮೌಸ್, ಏಕಕಾಲಕ್ಕೆ ಹಲವು ಕೆಲಸ ನಡೆಸುವ ತಿರುಳು, ಇವೆಲ್ಲ ಕ್ಯಾಲಿಫೋರ್ನಿಯಾದ ಅಮಿಗಾ ತಂಡದ ಕೆಲಸ. ಫೈಲುಗಳನ್ನು ನೋಡಿಕೊಳ್ಳುವ ಭಾಗವನ್ನೂ ಹೊಸದಾಗಿ ಬರೆಸಬೇಕೆಂದಿದ್ದರು. ಅದು ಹೊತ್ತಿಗೆ ಸರಿಯಾಗಿ ಸಿದ್ಧವಾಗಲಿಲ್ಲ. ಕೊನೆಗಳಿಗೆಯಲ್ಲಿ ಇಂಗ್ಲೆಂಡಿನ ಮೆಟಾಕಾಮ್ಕೋ ಕಂಪನಿಯವರು, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿದ್ದ ‘ಟ್ರೈಪಾಸ್’ ಎಂಬ ವ್ಯವಸ್ಥೆಯನ್ನು ತಂದು ಜೋಡಿಸಿದರು. ಹೀಗೆ ಒಂದೇ ಪೆಟ್ಟಿಗೆಯಲ್ಲಿ ಎರಡು ಸಂಸಾರ. ಚಿತ್ರದ ಸಂಸಾರಕ್ಕೆ ಕಾಣುವುದು ಒಂದಿಷ್ಟು. ಅಕ್ಷರ ಟೈಪಿಸಿ ಆಜ್ಞೆ ಕೊಡುವ ಸಿಎಲ್‌ಐ ಎಂಬ ಸಂಸಾರಕ್ಕೆ ಎಲ್ಲವೂ ಕಾಣುತ್ತದೆ. ಆರಂಭದ ಆವೃತ್ತಿಗಳಲ್ಲಿ ಈ ಸಿಎಲ್‌ಐಯ ಚಿತ್ರವೂ ಕಾಣುತ್ತಿರಲಿಲ್ಲ. ಪ್ರಿಫರೆನ್ಸಸ್ ಒಳಗೆ ಹೋಗಿ ಅದನ್ನು ‘ಆನ್’ ಮಾಡಬೇಕಿತ್ತು. ಸಾಮಾನ್ಯ ಜನಕ್ಕೆ ಇದು ಬೇಡ ಎಂದು ಯಾರೋ ತೀರ್ಮಾನಿಸಿದ್ದರು ಎನ್ನುವುದು ಸ್ಪಷ್ಟ.

ಸರಿ, ಆನ್ ಮಾಡಿಕೊಂಡರೂ ಕಷ್ಟ ತಪ್ಪಲಿಲ್ಲ. ನಮ್ಮಲ್ಲಿ ಡಾಸ್ ಕಲಿತ ತಲೆಮಾರಿನವರಿಗೆ ಡಿಐಆರ್, ಕಾಪಿ ಎಂಬ ಆಜ್ಞೆಗಳು ನೆನಪಿರಬಹುದು. ಡಾಸ್‌ನಲ್ಲಿ ಅವು ಕಮಾಂಡ್ ಡಾಟ್ ಕಾಮ್ ಎಂಬ ಪ್ರೋಗ್ರಾಮಿನ ಒಳಗೇ ಇರುತ್ತಿದ್ದವು. ಅಮಿಗಾದಲ್ಲಿ ಪ್ರತಿಯೊಂದು ಆಜ್ಞೆಯೂ ವರ್ಕ್‌ಬೆಂಚ್ ಫ್ಲಾಪಿಯ ‘ಸಿ’ ಎಂಬ ಡ್ರಾಯರಿನಲ್ಲಿರುವ ಒಂದೊಂದು ಪುಟ್ಟ ಪ್ರೋಗ್ರಾಮ್. 1987ರಲ್ಲಿ ಬಂದು ಯುರೋಪಿನ ಮನೆಮನೆಗೆ ಹೋದ ಅಮಿಗಾ 500ರಲ್ಲಿ ಇದ್ದದ್ದು 512 ಕಿಲೋಬೈಟ್ ಮೆಮೊರಿ ಮತ್ತು ಒಂದೇ ಒಂದು ಫ್ಲಾಪಿ ಡ್ರೈವ್. ಬೇರೆ ಫ್ಲಾಪಿ ಹಾಕಿ ಅದರಲ್ಲೇನಿದೆ ಎಂದು ಕೇಳಿದರೆ, ಯಂತ್ರ ಮೊದಲು ವರ್ಕ್‌ಬೆಂಚ್ ಫ್ಲಾಪಿ ಕೊಡು ಎನ್ನುತ್ತದೆ. ಕೊಟ್ಟ ಮೇಲೆ ಮತ್ತೆ ಹಳೆಯದನ್ನು ಕೊಡು ಎನ್ನುತ್ತದೆ. ಅದರಿಂದ ಒಂದು ಫೈಲ್ ನಕಲು ಮಾಡು ಎಂದರೆ ಮತ್ತೆ ವರ್ಕ್‌ಬೆಂಚ್. ಆಜ್ಞೆಗಳನ್ನೆಲ್ಲ ಮೆಮೊರಿಗೆ ನಕಲು ಮಾಡಿಟ್ಟುಕೊಳ್ಳಬಹುದಿತ್ತು ನಿಜ. ಆದರೆ 512 ಕಿಲೋಬೈಟಿನಲ್ಲಿ ಅದಕ್ಕೆ ಕೊಟ್ಟ ಜಾಗ ಕೆಲಸದಿಂದ ಕಿತ್ತುಕೊಂಡ ಜಾಗ.

ಫೈಲ್ ಮ್ಯಾನೇಜರ್ ಎಂಬ ವಸ್ತು ಅಮಿಗಾದಲ್ಲಿ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ಒಂದು ಸಲ ಮೆಮೊರಿಗೆ ಬಂದು ಕೂತರೆ ಸಾಕು. ನೋಡುವುದು, ನಕಲು, ಅಳಿಸುವುದು, ಹೆಸರು ಬದಲಿಸುವುದು ಎಲ್ಲ ತನ್ನೊಳಗೇ. ವರ್ಕ್‌ಬೆಂಚ್ ಫ್ಲಾಪಿಯ ಹಂಗಿಲ್ಲ. ಚಿತ್ರ ಇದೆಯೋ ಇಲ್ಲವೋ ಎಂಬ ತಾರತಮ್ಯವೂ ಇಲ್ಲ. ‘ಡಿಸ್ಕ್‌ಮಾಸ್ಟರ್’ ಎಂಬುದು ಹೀಗೆ ಹೆಸರು ಮಾಡಿತು: ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ, ನಡುವೆ ಗುಂಡಿಗಳ ಸಾಲು. ಎಡದಲ್ಲಿ ಫೈಲ್ ಆರಿಸಿ, ನಡುವಿನ ಗುಂಡಿ ಒತ್ತಿದರೆ ಅದು ಬಲಕ್ಕೆ ಹೋಗುತ್ತದೆ. ಇದೇ ಕಾಲದಲ್ಲಿ ಪಿಸಿಯಲ್ಲಿ ನಾರ್ಟನ್ ಕಮಾಂಡರ್ ಕೂಡ ಎರಡು ಪಟ್ಟಿಯ ದಾರಿ ಹಿಡಿದಿತ್ತು. ಆದರೆ ಅದು ಕೀಲಿಮಣೆಯ ಜನರದ್ದು, ಇದು ಮೌಸಿನ ಜನರದ್ದು.

1990ರ ಜನವರಿಯಲ್ಲಿ ಆಸ್ಟ್ರೇಲಿಯಾದ ಜೊನಾಥನ್ ಪಾಟರ್ ‘ಡೈರೆಕ್ಟರಿ ಓಪಸ್’ನ ಮೊದಲ ಆವೃತ್ತಿ ಹೊರತಂದ. ಅದು ಪಕ್ವವಾದದ್ದು 1992ರ ಡಿಸೆಂಬರಿನ ನಾಲ್ಕನೇ ಆವೃತ್ತಿಯಲ್ಲಿ. ಮೇಲೆ ಎರಡು ಪಟ್ಟಿ, ಕೆಳಗೆ ಬಳಕೆದಾರ ತಾನೇ ಹೆಸರಿಟ್ಟು, ತಾನೇ ಕೆಲಸ ಹೇಳಿ ಮಾಡಿಕೊಂಡ ಗುಂಡಿಗಳು. ಅಮಿಗಾದಲ್ಲಿ ಫೈಲಿನ ಹೆಸರಿನ ಬಾಲಕ್ಕೆ ಅಂಥ ಬೆಲೆ ಇರಲಿಲ್ಲ. ಹಾಗಾಗಿ ಓಪಸ್ ಫೈಲಿನ ಮೊದಲ ಕೆಲವು ಬೈಟುಗಳನ್ನು ಓದಿ, ಇದು ಚಿತ್ರ, ಇದು ಸಂಗೀತ, ಇದು ಅಡಕಿಸಿದ ಗಂಟು ಎಂದು ಗುರುತಿಸುತ್ತಿತ್ತು. ಹೆಸರು ನೋಡಿ ಜಾತಿ ಹೇಳದೆ ಒಳಗು ನೋಡಿ ಹೇಳುವ ಈ ಕ್ರಮ ನನಗೆ ಇವತ್ತಿಗೂ ಹೆಚ್ಚು ಮರ್ಯಾದಸ್ಥವಾಗಿ ಕಾಣುತ್ತದೆ.

ಓಪಸ್ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಅದರ ಬೆಲೆ ಗೊತ್ತಾಗಬೇಕಾದರೆ ಅಮಿಗಾದ ಫ್ಲಾಪಿಯೊಳಗೆ ಇಣುಕಬೇಕು. ಒಂದು ಫ್ಲಾಪಿ ಎಂದರೆ 512 ಬೈಟುಗಳ 1760 ಖಾನೆಗಳು, ಒಟ್ಟು 880 ಕಿಲೋಬೈಟ್. ಸಾಮಾನ್ಯವಾಗಿ ನಾವು ಊಹಿಸುವ ಗ್ರಂಥಾಲಯದಲ್ಲಿ ಬಾಗಿಲ ಹತ್ತಿರವೇ ಒಂದು ಸೂಚಿ ಇರುತ್ತದೆ. ಇಲ್ಲಿ ಹಾಗಲ್ಲ. ಪ್ರತಿ ಡ್ರಾಯರಿಗೂ 72 ಮನೆಗಳ ಒಂದು ಕೋಷ್ಟಕವಿದ್ದು, ಫೈಲಿನ ಹೆಸರನ್ನು ಲೆಕ್ಕಕ್ಕೆ ಹಾಕಿದರೆ ಯಾವ ಮನೆ ಎಂದು ತಿಳಿಯುತ್ತದೆ. ಆ ಮನೆ, ಫೈಲಿನ ವಿವರವುಳ್ಳ ಖಾನೆಯ ಕಡೆ ಕೈ ತೋರಿಸುತ್ತದೆ. ಹೆಸರು, ದಿನಾಂಕ, ಗಾತ್ರ ಇರುವುದು ಆ ಖಾನೆಯಲ್ಲಿ, ಮತ್ತು ಆ ಖಾನೆಗಳು ಫ್ಲಾಪಿಯ ತುಂಬ ಚೆಲ್ಲಿರುತ್ತವೆ. ಹೆಸರು ಗೊತ್ತಿದ್ದವನಿಗೆ ಈ ಏರ್ಪಾಡು ಬಲು ವೇಗ. ಏನೇನಿದೆ ಎಂದು ಕೇಳುವವನಿಗೆ ನರಕ. ಡ್ರೈವಿನ ತಲೆ ಒಂದೊಂದು ಹೆಸರಿಗೂ ಕಟಕಟ ಎಂದು ಅತ್ತಿಂದಿತ್ತ ಓಡಬೇಕು. ಓಪಸ್ ಒಮ್ಮೆ ಓದಿದ ಪಟ್ಟಿಗಳನ್ನು ನೆನಪಿನಲ್ಲಿಟ್ಟುಕೊಂಡು ಮರಳಿ ಕೇಳಿದಾಗ ತಟ್ಟನೆ ತೋರಿಸುತ್ತಿತ್ತು. (ನಾನು ಈ ಯಂತ್ರವನ್ನು ಅರಿತದ್ದು ಎಮ್ಯುಲೇಟರಿನಲ್ಲಿ. ಅದರಲ್ಲಿ ಫ್ಲಾಪಿಯ ವೇಗ ಹೆಚ್ಚಿಸಿಕೊಳ್ಳುವ ಆಯ್ಕೆ ಇದೆ. ವೇಗ ಹೆಚ್ಚಿಸಿದರೆ ಈ ಉಪಕರಣಗಳೆಲ್ಲ ಯಾಕೆ ಬೇಕಿತ್ತು ಎಂದೇ ತಿಳಿಯುವುದಿಲ್ಲ. ಓದುವವರು ದಯವಿಟ್ಟು ಮೂಲ ವೇಗದಲ್ಲೇ ಇಟ್ಟು ನೋಡಿ.)

ಹಾಗಾದರೆ ಯಾವುದನ್ನು ಆರಿಸಬೇಕಿತ್ತು? ಒಂದೇ ಡ್ರೈವ್, 512 ಕಿಲೋಬೈಟ್ ಇದ್ದವರಿಗೆ ಡಿಸ್ಕ್‌ಮಾಸ್ಟರಿನಂಥ ಹಗುರವಾದದ್ದೇ ಸರಿ. ಹಾರ್ಡ್‌ಡಿಸ್ಕ್ ಮತ್ತು ಎರಡು ಮೆಗಾಬೈಟ್ ಇದ್ದರೆ ಕಣ್ಣುಮುಚ್ಚಿ ಓಪಸ್ 4. 1995ರಲ್ಲಿ ಬಂದ ಓಪಸ್ 5 ವರ್ಕ್‌ಬೆಂಚಿನ ಜಾಗದಲ್ಲೇ ಕೂರುವಷ್ಟು ಬೆಳೆಯಿತು. ಆಗ ಕಾಮೊಡೋರ್ ಮುಳುಗಿ ಒಂದು ವರ್ಷವಾಗಿತ್ತು. ಮೆಚ್ಚುವವರು ಬಹಳ, ಆದರೆ ಬೇಕಿದ್ದಕ್ಕಿಂತ ಹೆಚ್ಚಾಯಿತು ಎನ್ನುವುದು ನನ್ನ ಅಭಿಪ್ರಾಯ.

ಉಳಿದ ಉಪಕರಣಗಳ ಆಯ್ಕೆ ಅಷ್ಟು ಗೊಂದಲದ್ದಲ್ಲ. ಫೈಲುಗಳನ್ನು ಗಂಟು ಕಟ್ಟಲು ಎಲ್‌ಎಚ್‌ಎ, ಇಡೀ ಫ್ಲಾಪಿಯನ್ನೇ ಅಡಕಿಸಿ ಮೋಡೆಮ್ ಮೂಲಕ ಕಳಿಸಲು ಡಿಎಂಎಸ್, ಪ್ರೋಗ್ರಾಮುಗಳನ್ನು ಕುಗ್ಗಿಸಲು ಪವರ್‌ಪ್ಯಾಕರ್. 1987ರಲ್ಲಿ ಎಸ್‌ಸಿಎ ಎಂಬ ವೈರಸ್ ಫ್ಲಾಪಿಯ ಮೊದಲ ಖಾನೆಗಳಲ್ಲಿ ಅಡಗಿ ಊರೂರು ತಿರುಗಿದ ಮೇಲೆ ವೈರಸ್‌ಎಕ್ಸ್‌ನಂಥ ಒಬ್ಬ ಕಾವಲುಗಾರನೂ ಬೇಕಾಯಿತು. ಇವೆಲ್ಲ ಜನರಿಗೆ ಸಿಗುತ್ತಿದ್ದುದು ಹೆಚ್ಚಾಗಿ ಕೈಯಿಂದ ಕೈಗೆ. ಅಮೆರಿಕದ ಫ್ರೆಡ್ ಫಿಶ್ 1986ರಿಂದ 1994ರವರೆಗೆ, ಮುಕ್ತವಾಗಿ ಹಂಚಬಹುದಾದ ಪ್ರೋಗ್ರಾಮುಗಳನ್ನು ಆರಿಸಿ, ಪ್ರತಿಯೊಂದಕ್ಕೂ ನಾಲ್ಕು ಸಾಲಿನ ಪರಿಚಯ ಬರೆದು, ಸುಮಾರು 1100 ಫ್ಲಾಪಿಗಳ ಮಾಲೆ ಮಾಡಿದ. ಒಬ್ಬ ಮನುಷ್ಯನ ಅಭಿರುಚಿ ಒಂದು ಸಮುದಾಯದ ಗ್ರಂಥಾಲಯವಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1992ರಿಂದ ಆ ಕೆಲಸವನ್ನು ಸ್ವಿಟ್ಜರ್ಲೆಂಡಿನ ವಿದ್ಯಾರ್ಥಿಗಳು ಆರಂಭಿಸಿದ ‘ಅಮಿನೆಟ್’ ಅಂತರ್ಜಾಲದಲ್ಲಿ ಕೈಗೆತ್ತಿಕೊಂಡಿತು.

ಒಂದು ಆಯ್ಕೆ ಮಾತ್ರ ನಿಜಕ್ಕೂ ಅಳಿವು ಉಳಿವಿನದು. ಹಾಳಾದ ಫ್ಲಾಪಿಗೆ ಕಾಮೊಡೋರ್ ತಾನೇ ‘ಡಿಸ್ಕ್‌ಡಾಕ್ಟರ್’ ಎಂಬ ಪ್ರೋಗ್ರಾಮ್ ಕೊಟ್ಟಿತ್ತು. ಇದು ಗಾಯಗೊಂಡ ಫ್ಲಾಪಿಯ ಮೇಲೆಯೇ ಬರೆದು ರಿಪೇರಿ ಮಾಡುತ್ತಿತ್ತು, ಕೆಲವೊಮ್ಮೆ ಉಳಿದದ್ದನ್ನೂ ಕೆಡಿಸುತ್ತಿತ್ತು. ಚಿಕಿತ್ಸೆಯಾದ ಫ್ಲಾಪಿಗೆ ‘ಲಾಜರಸ್’ ಎಂದು, ಬೈಬಲಿನಲ್ಲಿ ಸತ್ತು ಎದ್ದವನ ಹೆಸರನ್ನೂ ಇಡುತ್ತಿತ್ತು! ಅದೇ ಕಾಮೊಡೋರಿನ ಎಂಜಿನಿಯರ್ ಡೇವ್ ಹೇನಿ ಬರೆದ ‘ಡಿಸ್ಕ್‌ಸಾಲ್ವ್’ ಮೊದಲಲ್ಲಿ ಬೇರೆ ದಾರಿ ಹಿಡಿಯಿತು. ಹಾಳಾದ ಫ್ಲಾಪಿಯನ್ನು ಮುಟ್ಟದೆ, ಸಿಕ್ಕ ಫೈಲುಗಳನ್ನು ಇನ್ನೊಂದು ಫ್ಲಾಪಿಗೆ ಎತ್ತಿಡುವುದು. ಓಲೆಗರಿಯ ಕಟ್ಟು ಬಿಚ್ಚಿದವರಿಗೆ ಈ ಎರಡರ ಅಂತರ ವಿವರಿಸಬೇಕಿಲ್ಲ.

ಇದು ಬರೀ ಹಳೆಯ ಯಂತ್ರಪ್ರಿಯರ ಮಾತಲ್ಲ. 2014ರಲ್ಲಿ, ಪಿಟ್ಸ್‌ಬರ್ಗಿನ ಆಂಡಿ ವಾರ್ಹೋಲ್ ಮ್ಯೂಸಿಯಂನಲ್ಲಿದ್ದ ಅಮಿಗಾ ಫ್ಲಾಪಿಗಳಿಂದ ವಾರ್ಹೋಲ್ 1985ರಲ್ಲಿ ಮಾಡಿದ ಚಿತ್ರಗಳು ಹೊರಬಂದವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಮೊದಲು ಮಾಡಿದ್ದು ಫ್ಲಾಪಿಗಳ ಯಥಾವತ್ ನಕಲು. ಆಮೇಲೆ ಪಟ್ಟಿ ನೋಡಿದರೆ ಕ್ಯಾಂಪ್‌ಬೆಲ್ಸ್ ಎಂಬಂಥ ಹೆಸರುಗಳು ಕಂಡವು. ಫೈಲುಗಳ ರೂಪ ಯಾವ ಪರಿಚಿತ ಪ್ರೋಗ್ರಾಮಿಗೂ ಹೊಂದುತ್ತಿರಲಿಲ್ಲ. ಅದನ್ನು ಬಿಡಿಸಿದ ಮೇಲೆ ಸೂಪಿನ ಡಬ್ಬಿ, ಮೂರು ಕಣ್ಣಿನ ವೀನಸ್ ತೆರೆದುಕೊಂಡವು. ಹೆಸರಿನ ಪಟ್ಟಿಯೇ ಮೊದಲ ದಾಖಲೆ.

ಆ ಪಟ್ಟಿಯನ್ನು ನಂಬುವಾಗಲೂ ಎಚ್ಚರ ಬೇಕು. ಅಮಿಗಾ 500ರಲ್ಲಿ ಗಡಿಯಾರ ಇದ್ದದ್ದು ಬೇರೆಯಾಗಿ ಕೊಳ್ಳಬೇಕಾದ ಮೆಮೊರಿ ಕಾರ್ಡಿನಲ್ಲಿ. ಅದಿಲ್ಲದವರ ಯಂತ್ರ ಶುರುವಾಗುವ ಫ್ಲಾಪಿಯ ಹಳೆಯ ದಿನಾಂಕವನ್ನೇ ಇಂದಿನದೆಂದು ಹಿಡಿದು ಹೊರಡುತ್ತಿತ್ತು. ಇನ್ನು ಕಾಪಿ ಆಜ್ಞೆಯನ್ನು ಸುಮ್ಮನೆ ಬಳಸಿದರೆ ಹೊಸ ಪ್ರತಿಗೆ ನಕಲು ಮಾಡಿದ ದಿನದ ತಾರೀಖು ಬೀಳುತ್ತದೆ. ಫೈಲಿನ ಜೊತೆ 79 ಅಕ್ಷರಗಳವರೆಗೆ ಬರೆದಿಡಬಹುದಾದ ಟಿಪ್ಪಣಿಯೂ ಹಾರಿಹೋಗುತ್ತದೆ. ಓಪಸ್‌ನಲ್ಲಿ ಇವೆರಡನ್ನೂ ಉಳಿಸಿಕೊಳ್ಳುವ ಆಯ್ಕೆ ಇತ್ತು. ಅದನ್ನು ಆರಿಸಿದ್ದವರ ಫ್ಲಾಪಿ ಇಂದು ಸಂಶೋಧಕನ ಕೈಗೆ ಸಿಕ್ಕರೆ ಅವನ ಪುಣ್ಯ.

ಯಾರದಾದರೂ ಅಟ್ಟದಿಂದ ಅಂಥ ಫ್ಲಾಪಿ ಇಳಿದು ಬಂದರೆ ನಾನು ಪಾಲಿಸುವ ಕ್ರಮ ಇದು: ಅದರ ಮೂಲೆಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಸರಿಸಿ, ಬೆಳಕು ಹಾಯುವಂತೆ ರಂಧ್ರ ತೆರೆದಿಡಬೇಕು, ಆಗ ಅದರ ಮೇಲೆ ಏನೂ ಬರೆಯಲಾಗದು. ಆಮೇಲೆ 1760 ಖಾನೆಗಳ ಪೂರ್ತಿ ನಕಲು. ಡಿಸ್ಕ್‌ಸಾಲ್ವ್ ಆಗಲಿ, ಓಪಸ್ ಆಗಲಿ ಮುಟ್ಟುವುದು ಆ ನಕಲನ್ನು ಮಾತ್ರ.