ಕಣ, ಕಣಜ ಮತ್ತು ಕಾವಲು: ಮೌಂಟ್ ವರ್ನನ್ ಜಮೀನಿನ ಧಾನ್ಯ ವ್ಯವಸ್ಥೆ

ಕೃಷಿಚರಿತ್ರೆಯ ಆಕರಗಳಲ್ಲಿ ಲೆಕ್ಕಪತ್ರಗಳಿಗೆ ವಿಶಿಷ್ಟ ಸ್ಥಾನವಿದೆ. ಆದರೆ ಲೆಕ್ಕ ಬರೆಸಿದವರು ಯಾರು, ಬೆಳೆ ತೆಗೆದವರು ಯಾರು ಎಂಬುದನ್ನು ಕೇಳದೆ ಅವನ್ನು ಓದಲಾಗದು. ಅಮೆರಿಕದ ವರ್ಜೀನಿಯಾದಲ್ಲಿ, ಪೊಟೋಮ್ಯಾಕ್ ನದಿಯ ದಂಡೆಯಲ್ಲಿರುವ ಮೌಂಟ್ ವರ್ನನ್ ಜಮೀನನ್ನು ನಾವಿಲ್ಲಿ ನಿದರ್ಶನವಾಗಿ ತೆಗೆದುಕೊಳ್ಳುತ್ತೇವೆ.

ಈ ಜಮೀನಿನ ಒಡೆಯನಾದ ಜಾರ್ಜ್ ವಾಷಿಂಗ್ಟನ್ 1760ರ ದಶಕದಲ್ಲಿ ಹೊಗೆಸೊಪ್ಪನ್ನು ಕೈಬಿಟ್ಟು ಗೋಧಿಯನ್ನು ಮುಖ್ಯ ಬೆಳೆಯಾಗಿಸಿದನು. ಕಾಲಕ್ರಮದಲ್ಲಿ ಬೆಳೆಯ ಸರದಿಯಲ್ಲಿ ಕ್ಲೋವರ್ ಮೊದಲಾದ ಮೇವಿನ ಬೆಳೆಗಳೂ ಸೇರಿದವು. ಒಣಹುಲ್ಲು ಕುದುರೆ, ದನಗಳಿಗೆ ಮೇವಾಯಿತು; ಅವುಗಳ ಸಗಣಿ ಮತ್ತೆ ಹೊಲ ಸೇರಿತು. ಗೊಬ್ಬರವನ್ನು ಕೂಡಿಡಲೆಂದೇ 1787ರಲ್ಲಿ ಪ್ರತ್ಯೇಕ ಕಟ್ಟಡವೊಂದು ಎದ್ದಿತು.

ತೊಡಕಿದ್ದುದು ಒಕ್ಕಣೆಯಲ್ಲಿ. ಬಯಲಿನಲ್ಲಿ ಕುದುರೆಗಳಿಂದ ತುಳಿಸಿದ ಕಾಳಿಗೆ ಮಣ್ಣು, ಲದ್ದಿ ಬೆರೆಯುತ್ತಿದ್ದವು. ಮಳೆಯ ಭಯವೂ ಇತ್ತು. ಅಧ್ಯಕ್ಷನಾಗಿ ಫಿಲಡೆಲ್ಫಿಯಾದಲ್ಲಿದ್ದ ವಾಷಿಂಗ್ಟನ್ 1792ರಲ್ಲಿ ಹದಿನಾರು ಮೂಲೆಗಳ ಎರಡಂತಸ್ತಿನ ಕಣಜವೊಂದರ ನಕ್ಷೆ ರಚಿಸಿದನು. ಬೇಕಾಗುವ ಇಟ್ಟಿಗೆಗಳನ್ನು 30,820 ಎಂದು ತಾನೇ ಎಣಿಸಿದನು. ಮೇಲಂತಸ್ತಿನಲ್ಲಿ ಕುದುರೆಗಳು ಸುತ್ತುತ್ತ ತೆನೆ ತುಳಿದರೆ, ಹಲಗೆಗಳ ನಡುವಿನ ಸುಮಾರು ಒಂದೂವರೆ ಅಂಗುಲದ ಸಂದುಗಳಿಂದ ಕಾಳು ಕೆಳಕ್ಕೆ ಉದುರುತ್ತಿತ್ತು. ಹುಲ್ಲು ಮೇಲೆಯೇ ಉಳಿಯುತ್ತಿತ್ತು. ಮೇಟಿಯ ಸುತ್ತ ಹಂತಿ ಹೊಡೆಯುವ ನಮ್ಮ ಕಣಗಳನ್ನು ಬಲ್ಲವರಿಗೆ ಈ ತತ್ತ್ವ ಅಪರಿಚಿತವಲ್ಲ. ಆದರೆ ಇಲ್ಲಿ ಕಣವೂ ಕಣಜವೂ ಒಂದೇ ಸೂರಿನಡಿ ಸೇರಿ, ಬೀಗದ ಅಧೀನವಾದುವೆಂಬುದು ಗಮನಾರ್ಹ.

ಈ ಬೀಗ ಮಳೆಗಾಗಿ ಹಾಕಿದುದಲ್ಲ. ಇಟ್ಟಿಗೆ ಸುಟ್ಟವರು, ಮರಗೆಲಸ ಮಾಡಿದವರು, ಹುಲ್ಲು ಕೊಯ್ದು ಗೋಧಿ ಒಕ್ಕಿದವರು ಗುಲಾಮರು. ಅವರ ಮೇಲಿನ ಕಳವಿನ ಶಂಕೆ ಒಡೆಯನ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಕೆಲಸದ ದಿನಗಳು, ಕಾಯಿಲೆ ಬಿದ್ದವರು, ಜಾನುವಾರುಗಳ ಸಂಖ್ಯೆ ಎಲ್ಲವೂ ವಾರದ ವರದಿಗಳಲ್ಲಿ ದಾಖಲಾಗಿ ದೂರದ ಒಡೆಯನಿಗೆ ತಲುಪುತ್ತಿದ್ದವು.

1799ರ ಪಟ್ಟಿಯಲ್ಲಿ 317 ಗುಲಾಮರ ಹೆಸರುಗಳಿವೆ. ಅವರಲ್ಲಿ ವಾಷಿಂಗ್ಟನ್‌ನ ಸ್ವಂತ ಒಡೆತನದಲ್ಲಿದ್ದವರು 123 ಮಂದಿ. ಅವನ ಮರಣಶಾಸನದ ಫಲವಾಗಿ 1801ರ ಆರಂಭದಲ್ಲಿ ಬಿಡುಗಡೆ ದೊರೆತುದು ಇವರಿಗೆ ಮಾತ್ರ. ಅವನ ಪತ್ನಿಯ ಮೊದಲ ಗಂಡನ ಆಸ್ತಿಗೆ ಸೇರಿದ 153 ಮಂದಿ ಗುಲಾಮರಾಗಿಯೇ ಉಳಿದರು.

ಶಿಥಿಲವಾಗಿ ಅಳಿದ ಆ ಕಣಜವನ್ನು 1990ರ ದಶಕದಲ್ಲಿ ಮತ್ತೆ ಕಟ್ಟಲಾಯಿತು. ಅದರಲ್ಲಿ ದುಡಿದವರ ಬದುಕನ್ನು ಅಷ್ಟು ಸುಲಭವಾಗಿ ಮರಳಿ ಕಟ್ಟಲಾಗದು. ಆದರೂ ಕಾವಲಿಗಾಗಿ ಬರೆಸಿದ ಆ ವರದಿಗಳೇ ಇಂದು ಅವರ ಹೆಸರು, ಕಸುಬು, ಕಾಯಿಲೆಗಳಿಗೆ ಸಾಕ್ಷಿಯಾಗಿವೆ. ಜಮೀನುಗಳ ಕಡತಗಳನ್ನು ಪರಿಶೀಲಿಸುವ ಸಂಶೋಧಕರು ಧಾನ್ಯದ ಮೊತ್ತದೊಡನೆ ಈ ಸಾಕ್ಷ್ಯವನ್ನೂ ಓದಬೇಕೆಂಬುದು ನಮ್ಮ ಅಭಿಪ್ರಾಯ.