ರೋಗದ ಕಾಲದಲ್ಲಿ ಮೋಜಿನ ಸವಾರಿ: ಒಂದು ಹಳೆಯ ಪ್ರಶ್ನೆ



ಕೊರೋನಾ ಕಾಲದ ಮಾತು ಬಂದಾಗಲೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎರಡು ಪಂಗಡಗಳಾಗುವುದನ್ನು ಕಂಡಿದ್ದೇನೆ. ಲಾಕ್‌ಡೌನ್ ಇದ್ದಾಗ ಒಬ್ಬನೇ ಕಾರಿನಲ್ಲಿ ಕುಳಿತು, ಎಲ್ಲಿಯೂ ಇಳಿಯದೆ, ಯಾರನ್ನೂ ಮುಟ್ಟದೆ, ಕೇವಲ ಮನಸ್ಸಿನ ಸಂತೋಷಕ್ಕಾಗಿ ಹತ್ತಿಪ್ಪತ್ತು ಮೈಲಿ ಸುತ್ತಿ ಬಂದರೆ ತಪ್ಪೇನಿತ್ತು ಎನ್ನುವವರು ಒಂದು ಕಡೆ. ನಿಯಮವೆಂದ ಮೇಲೆ ನಿನಗೊಂದು ನನಗೊಂದು ಇರಲಾಗದು ಎನ್ನುವವರು ಇನ್ನೊಂದು ಕಡೆ. ಮೇಲ್ನೋಟಕ್ಕೆ ಇದು ಕ್ಷುಲ್ಲಕ ಜಗಳ. ಆದರೆ ಮೂರು ದಶಕ ಸಮಾಜ ವಿಜ್ಞಾನ ಬೋಧಿಸಿದ ನನಗೆ ಇದು 2020ರಲ್ಲಿ ಹುಟ್ಟಿದ ಪ್ರಶ್ನೆಯೆಂದು ಅನಿಸುವುದಿಲ್ಲ. ನಮ್ಮ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ರೈಲು ಹಳಿಯ ಮೇಲೆಯೇ ಈ ಪ್ರಶ್ನೆ ನೂರಿಪ್ಪತ್ತು ವರ್ಷಗಳ ಹಿಂದೆ ಒಮ್ಮೆ ಓಡಾಡಿದೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ನಾವು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯವರು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು ತೀರ ಈಚೆಗೆ, 1997ರಲ್ಲಿ. ರೋಗವನ್ನು ತಡೆಯಲೆಂದು ಬ್ರಿಟಿಷ್ ಸರಕಾರವು 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯದೆಯನ್ನು ಜಾರಿಗೆ ತಂದಿತು. ಅದರಲ್ಲಿದ್ದದ್ದು ನಾಲ್ಕೇ ನಾಲ್ಕು ಕಲಮುಗಳು. ಅಷ್ಟು ಚಿಕ್ಕ ಕಾಯದೆಯೊಳಗೂ ಒಂದು ಸಂಗತಿಯನ್ನು ಮರೆಯದೆ ಹೆಸರಿಸಿ ಬರೆದಿದ್ದರು: ರೈಲಿನಲ್ಲಿಯೋ ಬೇರೆ ವಿಧದಿಂದಲೋ ಪ್ರಯಾಣ ಮಾಡುವವರನ್ನು ತಪಾಸಣೆ ಮಾಡುವ, ಸಂಶಯ ಬಂದವರನ್ನು ಪ್ರತ್ಯೇಕವಾಗಿ ಇರಿಸುವ ಅಧಿಕಾರ. ರೋಗಕ್ಕೆ ಕಾಲಿಲ್ಲ, ಮನುಷ್ಯನ ಪ್ರಯಾಣವೇ ಅದರ ಕಾಲು ಎಂಬುದು ಆಳುವವರಿಗೆ ಅಂದೇ ತಿಳಿದಿತ್ತು.

ತಿಳಿದೂ ತಡೆಯಲಾಗಲಿಲ್ಲ. ಸದರ್ನ್ ಮರಾಠಾ ರೈಲ್ವೆಯ ಹಳಿ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳನ್ನು ಹಾಯ್ದು ತುಂಗಭದ್ರೆಯನ್ನು ದಾಟಿ ಹರಿಹರ ಸೇರಿ, ಅಲ್ಲಿಂದ ಮುಂದೆ ಬೆಂಗಳೂರನ್ನು ಮುಟ್ಟುತ್ತಿತ್ತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಭೀಕರವಾಗಿ ಹಬ್ಬಿತು. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ ಲಸಿಕೆಯನ್ನು ಹುಬ್ಬಳ್ಳಿಯ ಸಾವಿರಾರು ಜನರಿಗೆ ಹಾಕಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಮೊದಲ ಪ್ಲೇಗು ರೋಗಿ ಪತ್ತೆಯಾದಾಗ, ಆತ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದವನೆಂದು ತಿಳಿಯಿತು. ರೈಲ್ವೆ ಅಧಿಕಾರಿಯೊಬ್ಬರ ಸೇವಕ. ಹೌದು, ಆ ಗಾಡಿ ನಮ್ಮ ಮೂರೂ ಸ್ಟೇಶನ್ನುಗಳನ್ನು ಹಾಯ್ದೇ ಹೋಗಿದ್ದಿರಬೇಕು. ಪಾಪ, ಆ ಮನುಷ್ಯ ಮೋಜಿಗೆ ಹೋದವನಲ್ಲ, ಹೊಟ್ಟೆಪಾಡಿಗೆ ಹೋದವನು. ಮುಂದೆ ಬೆಂಗಳೂರಿನಲ್ಲಿ ಆದ ಸಾವುನೋವು, ಮಲ್ಲೇಶ್ವರ, ಬಸವನಗುಡಿಗಳಂಥ ಬಡಾವಣೆಗಳಿಗೆ ಜನ ಸರಿದದ್ದು ಎಲ್ಲವೂ ನಿಮಗೆ ತಿಳಿದ ವಿಷಯ.

ಆ ತಪಾಸಣೆಗಳು ಎಲ್ಲರಿಗೂ ಒಂದೇ ಸಮನಾಗಿ ನಡೆಯುತ್ತಿರಲಿಲ್ಲ. ಮೂರನೆಯ ದರ್ಜೆಯ ಪ್ರಯಾಣಿಕರನ್ನು ಫಲಾಟಿನ ಮೇಲೆ ಸಾಲುಗಟ್ಟಿ ನಿಲ್ಲಿಸಿ ಕಂಕುಳು ಮುಟ್ಟಿ ನೋಡುತ್ತಿದ್ದರೆ, ಮೊದಲನೆಯ ದರ್ಜೆಯ ಸಾಹೇಬರು ಕಿಟಕಿಯಲ್ಲಿ ಮುಖ ತೋರಿಸಿದರೆ ಸಾಕಾಗುತ್ತಿತ್ತು. ಪುಣೆಯಲ್ಲಿ ಮನೆ ಹೊಕ್ಕು ಶೋಧಿಸಿದ ಕ್ರಮ ಜನರನ್ನು ಎಷ್ಟು ಕೆರಳಿಸಿತೆಂದರೆ, 1897ರ ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡ್ ಗುಂಡೇಟಿಗೆ ಗುರಿಯಾದ. ಅದೇ ಪುಣೆಯಲ್ಲಿ, ಅದೇ ವರ್ಷದ ಮಾರ್ಚಿನಲ್ಲಿ, ಪ್ಲೇಗು ರೋಗಿಗಳ ಸೇವೆಯಲ್ಲಿದ್ದ ಸಾವಿತ್ರಿಬಾಯಿ ಫುಲೆಯವರು ತಾವೂ ಆ ರೋಗಕ್ಕೆ ತುತ್ತಾಗಿ ತೀರಿಕೊಂಡಿದ್ದರು. ಒಂದೇ ರೋಗ, ಒಂದೇ ಊರು. ಒಬ್ಬರನ್ನು ಜನ ದ್ವೇಷಿಸಿದರು, ಇನ್ನೊಬ್ಬರನ್ನು ಪೂಜಿಸಿದರು. ವಿದ್ಯಾರ್ಥಿಗಳಿಗೆ ಇವೆರಡನ್ನೂ ಒಂದೇ ತಾಸಿನಲ್ಲಿ ಹೇಳುವ ರೂಢಿ ನನ್ನದಾಗಿತ್ತು.

ಸರಕಾರದ ಕಾಯದೆ ಹೀಗಾದರೆ, ಹಳ್ಳಿಗಳಲ್ಲಿ ಜನರೇ ಮಾಡಿಕೊಂಡ ಕಾಯದೆ ಬೇರೆ ಇತ್ತು. ನನ್ನ ಅಜ್ಜಿ ಬ್ಯಾಡಗಿ ಸೀಮೆಯ ಒಂದು ಹಳ್ಳಿಯವಳು. ಪ್ಲೇಗು ಆಮೇಲೆಯೂ ಎಷ್ಟೋ ವರ್ಷ ಮರಳಿ ಮರಳಿ ಬರುತ್ತಿತ್ತಲ್ಲ, ಅಂಥದೊಂದು ವರ್ಷವನ್ನು ಆಕೆ ಚಿಕ್ಕ ಹುಡುಗಿಯಾಗಿ ಕಂಡಿದ್ದಳು. "ಇಲಿ ಬಿದ್ದುವು ಅಂದಕೂಡ್ಲೆ ಊರು ಬಿಡಬೇಕಪಾ, ಬೀಗ ಹಾಕಾಕೂ ನಿಲ್ಲಬಾರದು" ಎನ್ನುತ್ತಿದ್ದಳು. ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತು. ಹೊಲದ ಕೆಲಸಕ್ಕೆ ಹೋಗಬಹುದು, ಹಳ್ಳದ ನೀರಿಗೆ ಹೋಗಬಹುದು. ಆದರೆ ಪರ ಊರಿನ ಮದುವೆ, ಜಾತ್ರೆ, ಆಟಗಳಿಗೆ ಹೋಗಕೂಡದು. ಇದನ್ನು ಯಾವ ಕಲೆಕ್ಟರನೂ ಹೊರಡಿಸಿದ್ದಲ್ಲ, ದೈವದವರು ಕೂತು ಗೊತ್ತುಮಾಡಿದ್ದು.

ಒಬ್ಬ ತರುಣ ಮಾತ್ರ ರಾತ್ರೋರಾತ್ರಿ ನೆರೆಯೂರಿನ ದೊಡ್ಡಾಟ ನೋಡಲು ಹೋಗಿ ಬೆಳಗಿನಲ್ಲಿ ಮರಳಿದನಂತೆ. ಅವನನ್ನು ಗುಡಿಸಲುಗಳೊಳಗೆ ಬಿಡಲಿಲ್ಲ. ಒಂದು ಬೇವಿನ ಗಿಡದ ಕೆಳಗೆ ಹತ್ತು ದಿನ ಇರಿಸಿ, ರೊಟ್ಟಿ ಬುತ್ತಿಯನ್ನು ದೂರದಲ್ಲಿಟ್ಟು ಬರುತ್ತಿದ್ದರು. ಅವನಿಗೆ ರೋಗವೇನೂ ಬರಲಿಲ್ಲ. "ಹಂಗಾದ್ರ ಅವಂಗ ಶಿಕ್ಷಾ ಯಾಕ ಕೊಟ್ರಿ?" ಎಂದು ನಾನು ಬಾಲಬುದ್ಧಿಯಿಂದ ಕೇಳಿದ್ದೆ. ಅಜ್ಜಿ ಹೇಳಿದಳು: "ಅವಂಗ ಬ್ಯಾನಿ ಬರಲಿಲ್ಲ ಖರೆ. ಆದ್ರ ಅವ ಹೋಗಿ ಬಂದಾನ ಅಂತ ಮರುದಿನ ನಾಕ ಮಂದಿ ಹೊಂಟು ನಿಂತಿದ್ರು." ಈ ಮಾತಿನ ತೂಕ ನನಗೆ ತಿಳಿದದ್ದು ಅರುವತ್ತು ದಾಟಿದ ಮೇಲೆ.

ನಡುವೆ ಇನ್ನೊಂದು ಪ್ರಸಂಗವನ್ನು ಸಂಕ್ಷೇಪವಾಗಿ ಹೇಳಬೇಕು. 'ಮೋಜಿನ ಸವಾರಿ' ಎಂಬುದನ್ನೇ ಹೆಸರಿಟ್ಟು ನಿಷೇಧಿಸಿದ್ದು ಅಮೆರಿಕ. ಎರಡನೆಯ ಮಹಾಯುದ್ಧದಲ್ಲಿ ತೈಲ ಮತ್ತು ರಬ್ಬರಿನ ಅಭಾವವಾದಾಗ, 1943ರ ಜನವರಿಯಲ್ಲಿ ಅಲ್ಲಿಯ ಪೂರ್ವದ 17 ರಾಜ್ಯಗಳಲ್ಲಿ ಸಂತೋಷಕ್ಕಾಗಿ ಕಾರು ಓಡಿಸುವುದನ್ನು ನಿಲ್ಲಿಸಿದರು. ಸೆಪ್ಟೆಂಬರಿನಲ್ಲಿ ಆ ನಿಷೇಧ ತೆಗೆದರು. ಯಾವುದು ಮೋಜು, ಯಾವುದು ಅಗತ್ಯ ಎಂದು ನಿರ್ಣಯಿಸುವುದರಲ್ಲಿಯೇ ಅಧಿಕಾರಿಗಳು ಹೈರಾಣಾದರು. ನಮ್ಮಲ್ಲಿಯೂ ಆಗ ಪೆಟ್ರೋಲಿಗೆ ಪಡಿತರ ಬಂದು ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಅದೇ 1943ರ ಏಪ್ರಿಲ್ ಒಂದರಂದು ನಮ್ಮ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದರು. ನಮ್ಮ ಜನಕ್ಕೆ ಮೋಜಿನ ಸವಾರಿಯ ಚಿಂತೆ ಎಲ್ಲಿಂದ ಬಂದೀತು! ಇರಲಿ. ಅಲ್ಲಿ ಒಂದು ವ್ಯತ್ಯಾಸವಿತ್ತು: ಒಬ್ಬ ಸುಟ್ಟ ಪೆಟ್ರೋಲು ಇನ್ನೊಬ್ಬನಿಗೆ ಇಲ್ಲವಾಗುತ್ತಿತ್ತು. ಲಾಕ್‌ಡೌನಿನಲ್ಲಿ ಒಬ್ಬನ ಸವಾರಿ ಯಾರಿಂದ ಏನನ್ನು ಕಸಿಯುತ್ತಿತ್ತು?

ನನ್ನ ತಂಗಿಯ ಮಗ ಕೇಳಿದ್ದು ಇದನ್ನೇ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿಗಳು ಘೋಷಿಸಿದ 21 ದಿನಗಳ ಲಾಕ್‌ಡೌನು ಮೇ ಮೂರರವರೆಗೆ ಬೆಳೆದಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಭರದಿಂದ ನಡೆಯಬೇಕಾದ ದಿನಗಳಲ್ಲಿ ಮಾರುಕಟ್ಟೆ ಸ್ತಬ್ಧವಾಗಿತ್ತು. ಗಾಳಿಗೆ ಘಾಟಿಲ್ಲದ ಬ್ಯಾಡಗಿಯನ್ನು ನಾನು ಕಂಡದ್ದು ಅದೇ ಮೊದಲು. ಹಳ್ಳಿಗಳ ಜನ ದಾರಿಗೆ ಅಡ್ಡಲಾಗಿ ಮುಳ್ಳುಕಂಟಿ ಎಳೆದಿದ್ದರು. ಆದರೂ ಜಿಲ್ಲೆಯಲ್ಲಿ ಒಬ್ಬ ರೋಗಿಯೂ ಇರಲಿಲ್ಲ. ಕೇಂದ್ರ ಸರಕಾರದ ಪಟ್ಟಿಯಲ್ಲಿ ಹಾವೇರಿ ಹಸಿರು ವಲಯ. ತಂಗಿಯ ಮಗ ರಾಣೇಬೆನ್ನೂರಿನಲ್ಲಿ ಆ ವರ್ಷದ ಸಂಕ್ರಾಂತಿಗೆ ಹೊಸ ಕಾರು ಕೊಂಡಿದ್ದ. ಮನೆಯ ಮುಂದೆಯೇ ನಿಂತ ಕಾರು, ಆಚೆ ಖಾಲಿ ಬಿದ್ದ ಚತುಷ್ಪಥ ಹೆದ್ದಾರಿ; ಯಾವ ತರುಣನಿಗೆ ಕೈ ತುರಿಸದು? "ಮಾಮಾ, ಗಾಜಾ ಏರಿಸಿಕೊಂಡು ನಾ ಒಬ್ಬನ ಮೋಟೆಬೆನ್ನೂರು ಮಟಾ ಹೋಗಿ, ಇಳೀಲಾರದ ತಿರುಗಿ ಬರ್ತೇನಿ. ಇದ್ರಾಗ ಯಾರಿಗೇನು ತ್ರಾಸು?" ಎಂದ.

ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಅವನ ವಾದದಲ್ಲಿ ಹುರುಳಿತ್ತೆಂದು ಒಪ್ಪಲೇಬೇಕು. ಮುಚ್ಚಿದ ಕಾರಿನಲ್ಲಿ ಒಬ್ಬನೇ ಕುಳಿತವನು ಯಾರಿಗೂ ರೋಗ ಹಚ್ಚಲಾರ. ಗಾಡಿ ಕೆಟ್ಟರೆ, ಅಪಘಾತವಾದರೆ ಆಸ್ಪತ್ರೆಯವರಿಗೆ ಹೊರೆಯಾಗುವುದೆಂಬ ಮಾತೂ ನಿಜವೇ. ಏಪ್ರಿಲ್ ಮೊದಲ ವಾರದ ಒಂದು ನಸುಕಿನಲ್ಲಿ ಬೆಂಗಳೂರಿನ ವಸಂತನಗರದಲ್ಲಿ ಚಿತ್ರನಟಿಯೊಬ್ಬರಿದ್ದ ಕಾರು ಕಂಬಕ್ಕೆ ಬಡಿದು, ಲಾಕ್‌ಡೌನಿನಲ್ಲಿ ಆ ಹೊತ್ತಿಗೆ ಇವರು ಹೊರಟದ್ದೆಲ್ಲಿಗೆ ಎಂದು ನಾಡೆಲ್ಲ ಕೇಳಿತ್ತು. ಆದರೆ ಆ ಒಂದು ಭಯವನ್ನೇ ಹಿಡಿದರೆ ಮನೆಯಲ್ಲಿ ನಿಚ್ಚಣಿಕೆ ಏರುವುದನ್ನೂ ನಿಷೇಧಿಸಬೇಕಾದೀತು.

ಕಾನೂನಿನ ದೃಷ್ಟಿ ಇನ್ನೊಂದು. ಸಂವಿಧಾನದ 19ನೆಯ ಅನುಚ್ಛೇದವು ದೇಶದಲ್ಲೆಲ್ಲ ಸಂಚರಿಸುವ ಸ್ವಾತಂತ್ರ್ಯ ಕೊಡುತ್ತದೆ, ಸಾರ್ವಜನಿಕ ಹಿತಕ್ಕಾಗಿ ಅದಕ್ಕೆ ಯುಕ್ತ ನಿರ್ಬಂಧ ಹಾಕುವ ಅಧಿಕಾರವನ್ನೂ ಕೊಡುತ್ತದೆ. ಆ ಏಪ್ರಿಲ್ ತಿಂಗಳ ಮಾರ್ಗಸೂಚಿಯಲ್ಲಿ ಮೋಜೆಂಬ ಶಬ್ದದ ಗೊಡವೆಗೇ ಹೋಗಿರಲಿಲ್ಲ. ಯಾವುದಕ್ಕೆ ಹೊರಗೆ ಬರಬಹುದೆಂದು ಬರೆದು ಉಳಿದದ್ದಕ್ಕೆಲ್ಲ ಬಾಗಿಲು ಮುಚ್ಚಿದ್ದರು: ಕಾರಿನಲ್ಲಿ ಚಾಲಕನ ಹೊರತು ಹಿಂದಿನ ಸೀಟಿನಲ್ಲಿ ಒಬ್ಬರು, ಬೈಕಿನ ಮೇಲೆ ಸವಾರ ಒಬ್ಬನೇ, ಅದೂ ತುರ್ತು ಕಾರಣಕ್ಕೆ. ರಸ್ತೆಯ ಮೇಲೆ ನಿಂತ ಪೇದೆಗೆ ಪ್ರತಿಯೊಬ್ಬನ ಅಂತರಂಗ ಬಗೆದು ನೋಡಲು ಬರುವುದಿಲ್ಲವಲ್ಲ. ಸುಮ್ಮನೆ ತಿರುಗುವವರಿಂದ ಜಪ್ತಿಯಾದ ವಾಹನಗಳು ಬೆಂಗಳೂರೊಂದರಲ್ಲೇ ಸಾವಿರ ಸಾವಿರ. ಕೊನೆಗೆ ಹೈಕೋರ್ಟಿನ ಅನುಮತಿಯ ಮೇರೆಗೆ ದ್ವಿಚಕ್ರಕ್ಕೆ 500, ಕಾರಿಗೆ 1000 ರೂಪಾಯಿ ಕಟ್ಟಿಸಿಕೊಂಡು ಬಿಟ್ಟರು. ಅಂದಿನ ಗೃಹಮಂತ್ರಿಗಳು ನಮ್ಮದೇ ಜಿಲ್ಲೆಯ ಶಿಗ್ಗಾವಿಯ ಶಾಸಕರು, ಬಸವರಾಜ ಬೊಮ್ಮಾಯಿಯವರು.

ನಾನು ಅವನನ್ನು ತಡೆದದ್ದು ಈ ಎರಡೂ ಕಾರಣಗಳಿಗಲ್ಲ. ಆ ದಿನಗಳಲ್ಲಿ ಹೆದ್ದಾರಿ ಖಾಲಿ ಇತ್ತೆಂಬುದೇ ಸುಳ್ಳು. ವಾಹನಗಳಿರಲಿಲ್ಲ, ಮನುಷ್ಯರಿದ್ದರು. ಬೆಂಗಳೂರಿನ ಕಡೆಯಿಂದ ಉತ್ತರಕ್ಕೆ ಗಂಟುಮೂಟೆ ಹೊತ್ತು, ಮಕ್ಕಳನ್ನು ಕಂಕುಳಲ್ಲೆತ್ತಿಕೊಂಡು ನಡೆದು ಹೋಗುತ್ತಿದ್ದ ಕೂಲಿಕಾರರು. ಅವರನ್ನು ಕೂಡಿಸಿಕೊಂಡು ಹೋಗೋಣವೆಂದರೆ ನಿಯಮ ಬಿಡದು. ಕೂಡಿಸಿಕೊಳ್ಳದೆ ಅವರ ಮಗ್ಗುಲಲ್ಲೇ ಹೊಸ ಕಾರಿನಲ್ಲಿ ಹಾಡು ಹಚ್ಚಿಕೊಂಡು ಹೋಗಿ ಬರುವುದಕ್ಕೆ ಸೋಂಕಿನ ಲೆಕ್ಕದಲ್ಲಿ ಅಡ್ಡಿಯಿಲ್ಲದಿರಬಹುದು. ನನಗೆ ಅದು ಸರಿಬರಲಿಲ್ಲ. ಅಜ್ಜಿಯ ಆ 'ನಾಕ ಮಂದಿ'ಯ ಕತೆಯನ್ನೂ ಹೇಳಿದೆ. ಅವನು ಬಾಯಿ ತುಂಬ ವಾದಿಸಿ, ಕೊನೆಗೆ ಕಾರಿಗೆ ಕವರು ಹೊದಿಸಿದ. ಮುಂದೆ ಕೆಲವೇ ದಿನಗಳಲ್ಲಿ, ಮೇ ನಾಲ್ಕರಂದು, ಮುಂಬಯಿಯಿಂದ ಸವಣೂರಿಗೆ ಮರಳಿದವರೊಬ್ಬರಲ್ಲಿ ಜಿಲ್ಲೆಯ ಮೊದಲ ಸೋಂಕು ಪತ್ತೆಯಾಯಿತು. ಮತ್ತೆ ಮುಂಬಯಿ, ಮತ್ತೆ ಪ್ರಯಾಣ, ಮತ್ತೆ ಹೊಟ್ಟೆಪಾಡು.

ದೊಡ್ಡವರು ಇದೇ ಪ್ರಶ್ನೆಯಲ್ಲಿ ಎಡವಿದ್ದನ್ನು ಜಗತ್ತು ನೋಡಿತು. ನ್ಯೂಜಿಲೆಂಡಿನ ಆರೋಗ್ಯಮಂತ್ರಿ ಡೇವಿಡ್ ಕ್ಲಾರ್ಕ್ ಮನೆಮಂದಿಯೊಡನೆ 20 ಕಿಲೋಮೀಟರು ಕಾರಿನಲ್ಲಿ ಸಮುದ್ರದಂಡೆಗೆ ಹೋಗಿದ್ದಕ್ಕೆ 2020ರ ಏಪ್ರಿಲ್ಲಿನಲ್ಲಿ ಸಂಪುಟದ ಕೊನೆಯ ಸ್ಥಾನಕ್ಕಿಳಿದರು. ಇಂಗ್ಲೆಂಡಿನ ಪ್ರಧಾನಿಯ ಸಲಹೆಗಾರ ಡೊಮಿನಿಕ್ ಕಮಿಂಗ್ಸ್, ಕಣ್ಣು ಸರಿಯಾಗಿ ಕಾಣುತ್ತದೆಯೋ ಇಲ್ಲವೋ ಪರೀಕ್ಷಿಸಲೆಂದು ಬಾರ್ನಾರ್ಡ್ ಕ್ಯಾಸಲ್ ಎಂಬ ಊರಿಗೆ ಕಾರು ಓಡಿಸಿದೆನೆಂದರು. ಕಣ್ಣಿನ ಪರೀಕ್ಷೆಗೆ ಕಾರೇ ಬೇಕೆಂಬುದು ಈ ಮುದುಕನಿಗೆ ಅಂದೇ ತಿಳಿದದ್ದು! ಅವರು ಹುದ್ದೆ ಬಿಡಲಿಲ್ಲ. ಆದರೆ ಆಮೇಲೆ ಅಲ್ಲಿಯ ಜನ ಸರಕಾರದ ಮಾತನ್ನು ಮೊದಲಿನ ಹಾಗೆ ನಂಬಲಿಲ್ಲ. ಅದೇ ದೇಶದಲ್ಲಿ 2021ರ ಜನವರಿಯಲ್ಲಿ ಐದು ಮೈಲಿ ಕಾರಿನಲ್ಲಿ ಹೋಗಿ ಕೆರೆಯ ದಂಡೆಯಲ್ಲಿ ಅಡ್ಡಾಡಿದ ಇಬ್ಬರು ಗೆಳತಿಯರಿಗೆ ತಲಾ 200 ಪೌಂಡ್ ದಂಡ ಹಾಕಿ, ನಂತರ ಪೊಲೀಸರೇ ಹಿಂತೆಗೆದುಕೊಂಡರು. ಬುದ್ಧಿಮಾಂದ್ಯ, ಆಟಿಸಂ ಇರುವವರನ್ನು ಕಾರಿನಲ್ಲಿ ದೂರ ಕರೆದೊಯ್ಯಲು 2020ರ ಏಪ್ರಿಲ್ಲಿನಲ್ಲೇ ಅಲ್ಲಿ ಅನುಮತಿ ಕೊಟ್ಟಿದ್ದರು. ಇದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಅಂಥ ಮಗುವನ್ನು ಒಂದೇ ಕೋಣೆಯಲ್ಲಿಟ್ಟುಕೊಂಡು ಸಂತೈಸಿದ ತಾಯಿಗೆ ಸವಾರಿ ಮೋಜಲ್ಲ, ಔಷಧ.

ನಮ್ಮಲ್ಲಿ ಅಂಥ ಸೂಕ್ಷ್ಮ ಕಡಿಮೆಯಾಯಿತು. ಎರಡನೆಯ ಅಲೆಯಲ್ಲಿ, 2021ರ ಮೇ 10ರಿಂದ, ದಿನಸಿ ತರಲು ಸಹ ವಾಹನ ಬಳಸಕೂಡದು, ನಡೆದೇ ಹೋಗಬೇಕೆಂದು ನಮ್ಮ ರಾಜ್ಯದಲ್ಲಿ ಆಜ್ಞೆಯಾಯಿತು. ಮಂಡಿನೋವಿನ ನನ್ನಂಥವರು ಬೇಸಗೆಯಲ್ಲಿ ಗೋದಿಹಿಟ್ಟಿನ ಚೀಲ ಹೊತ್ತು ನಡೆಯುವುದು ಯಾವ ಶಾಸ್ತ್ರ? ಟೀಕೆ ಬಂದ ಮೇಲೆ ಸಡಿಲಿಸಿದರು, ಸರಿ. ಆದರೆ ಅಷ್ಟರಲ್ಲಿ ಹಾಲು ತರಲು ಹೋದವರೂ ಲಾಠಿಯ ರುಚಿ ಕಂಡಿದ್ದರು. ಮೋಜಿಗೆ ತಿರುಗುವವನನ್ನು ನಾನು ಸಮರ್ಥಿಸಲಾರೆ. ಅವನಿಗೆ ನಡುರಸ್ತೆಯಲ್ಲಿ ಬಸ್ಕಿ ಹೊಡೆಸಿ ಫೋಟೋ ತೆಗೆದವರನ್ನು ಅದಕ್ಕಿಂತಲೂ ಸಮರ್ಥಿಸಲಾರೆ. ಕೇಂದ್ರದ ಕಾನೂನು ಆಯೋಗವು 2024ರ ಫೆಬ್ರುವರಿಯಲ್ಲಿ ಕೊಟ್ಟ ವರದಿಯಲ್ಲಿ, 1897ರ ಆ ನಾಲ್ಕು ಕಲಮಿನ ಕಾಯದೆ ಈ ಕಾಲಕ್ಕೆ ಸಾಲದೆಂದು ಹೇಳಿದೆ. ಹೊಸದು ಬರೆಯುವವರು ಪ್ರಯಾಣದ ಕಲಮಿಗೆ ಬಂದಾಗ ಪುಣೆಯ ರ‍್ಯಾಂಡನನ್ನೂ ಬೇವಿನ ಗಿಡದ ಕೆಳಗಿನ ಆ ತರುಣನನ್ನೂ ಒಟ್ಟಿಗೆ ನೆನೆದರೆ ಒಳ್ಳೆಯದು.

ತಂಗಿಯ ಮಗ 2020ರ ಜೂನಿನಲ್ಲಿ ತನ್ನ ತಾಯಿಯನ್ನು ಕೂಡಿಸಿಕೊಂಡು ಹಾವೇರಿಗೆ ಹೋಗಿ ಬಂದ. ಅಷ್ಟೊತ್ತಿಗೆ ದಾರಿ ತುಂಬ ಲಾರಿಗಳು. ರಸ್ತೆ ಖಾಲಿ ಇದ್ದಾಗ ಮಾಮಾ ಬಿಡಲಿಲ್ಲವೆಂಬ ಅವನ ದೂರು ಇಂದಿಗೂ ನನ್ನ ಮೇಲಿದೆ. ಹಬ್ಬಕ್ಕೆ ಕೂಡಿದಾಗಲೆಲ್ಲ ಎಲ್ಲರೆದುರು ಹೇಳುತ್ತಾನೆ, ನಾನೂ ನಗುತ್ತೇನೆ.