ಅಳೆದು ತೂಗಿ: ಗುಡ್ಡಗಾಡು ಸೈಕಲ್ಲು ಹಗುರವಾದ ಇತಿಹಾಸ

ಅಮೆರಿಕದ ಹಲವು ರಾಜ್ಯಗಳ ಪ್ರೌಢಶಾಲೆಗಳಲ್ಲಿ ಇಂದು ಮೌಂಟನ್ ಬೈಕ್ ತಂಡಗಳಿವೆ. ನಮ್ಮ ಕೂಟದ ಕುಟುಂಬಗಳ ಮಕ್ಕಳೂ ಈಚಿನ ವರ್ಷಗಳಲ್ಲಿ ಅವುಗಳನ್ನು ಸೇರುತ್ತಿದ್ದಾರೆ. ತಂಡ ಸೇರಿದ ಕೆಲವೇ ವಾರಗಳಲ್ಲಿ ಮನೆಯಲ್ಲಿ ಒಂದು ಬೇಡಿಕೆ ಹುಟ್ಟುತ್ತದೆ: ಹಗುರವಾದ ಚಕ್ರ ಬೇಕು, ಕಾರ್ಬನ್ ಹ್ಯಾಂಡಲ್ ಬೇಕು. ಬೆಲೆ ಕೇಳಿದ ಹೆತ್ತವರಿಗೆ ಮೂಗಿಗಿಂತ ಮೂಗುತಿಯೇ ಭಾರವೆನಿಸುವುದು ಸಹಜ. ಈ ಬೇಡಿಕೆಯ ಹಿಂದೆ ಸುಮಾರು ಐವತ್ತು ವರ್ಷಗಳ ಇತಿಹಾಸವಿದೆ. ಅದನ್ನು ಅರಿತರೆ ಯಾವ ಭಾಗಕ್ಕೆ ಹಣ ಸುರಿಯಬೇಕು, ಯಾವುದಕ್ಕೆ ಬೇಡ ಎಂಬುದು ತಕ್ಕಮಟ್ಟಿಗೆ ಸ್ಪಷ್ಟವಾಗುತ್ತದೆ.

ಕಥೆ ಆರಂಭವಾಗುವುದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿಯ ಬೆಟ್ಟದ ಮಣ್ಣುದಾರಿಯಲ್ಲಿ ಕೆಲವು ಯುವಕರು ‘ರೀಪ್ಯಾಕ್’ ಎಂಬ ಓಟವನ್ನು ನಡೆಸಿದರು. ಸುಮಾರು ಎರಡು ಮೈಲಿಗಳಲ್ಲಿ 1,300 ಅಡಿ ಇಳಿಯುವ ದಾರಿ ಅದು. ಹಿಂದಿನ ಚಕ್ರದ ಹಬ್ಬಿನೊಳಗಿದ್ದ ಬ್ರೇಕು ಕಾದು, ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬದೆ ಇನ್ನೊಮ್ಮೆ ಇಳಿಯುವಂತಿರಲಿಲ್ಲವಾದ್ದರಿಂದ ಓಟಕ್ಕೆ ಆ ಹೆಸರು ಬಂತು. ಅವರು ಏರುತ್ತಿದ್ದುದು ಹಳೆಯ ಶ್ವಿನ್ ಸೈಕಲ್ಲುಗಳನ್ನು. ಒಂದೊಂದೂ 40ರಿಂದ 50 ಪೌಂಡು ತೂಗುತ್ತಿತ್ತು. ಇಳಿಜಾರಿನಲ್ಲಿ ಆ ಭಾರ ಯಾರನ್ನೂ ಕಾಡಲಿಲ್ಲ. ಹಲವು ಗಿಯರುಗಳನ್ನು ಜೋಡಿಸಿ ಬೆಟ್ಟ ಹತ್ತಲು ತೊಡಗಿದಾಗ ಮಾತ್ರ ಪ್ರತಿಯೊಂದು ಪೌಂಡೂ ಲೆಕ್ಕಕ್ಕೆ ಬಂತು.

ಆ ಗುಂಪಿನ ಜೋ ಬ್ರೀಜ್ 1977ರಲ್ಲಿ ಕ್ರೋಮೋಲಿ ಉಕ್ಕಿನ ಕೊಳವೆಗಳಿಂದ ಈ ಆಟಕ್ಕೆಂದೇ ಹೊಸ ಫ್ರೇಮನ್ನು ಕಟ್ಟಿದರು. ಅವರ ಮೊದಲ ಸೈಕಲ್ಲು ಸುಮಾರು 38 ಪೌಂಡು, ಎಂದರೆ 17 ಕಿಲೋ ತೂಗುತ್ತಿತ್ತು. ಅದರಲ್ಲಿ ಹಗುರತನಕ್ಕಿಂತ ಗಟ್ಟಿತನಕ್ಕೇ ಮೊದಲ ಸ್ಥಾನವಿತ್ತು. ಆ ದಶಕದ ಕೊನೆಗೆ 26 ಅಂಗುಲದ ಅಲ್ಯೂಮಿನಿಯಂ ರಿಮ್ಮುಗಳು ಬಂದವು. ಉಕ್ಕಿನ ರಿಮ್ಮು ಹೋದುದು ದೊಡ್ಡ ತಿರುವು. ಚಕ್ರದ ಅಂಚಿನ ತೂಕವನ್ನು ಮುಂದಕ್ಕೆ ಒಯ್ಯುವುದಷ್ಟೇ ಅಲ್ಲದೆ ತಿರುಗಿಸಲೂ ಬೇಕು. ಆದ್ದರಿಂದ ವೇಗ ಹೆಚ್ಚಿಸುವಾಗ ಅದು ಸುಮಾರು ಎರಡು ಪಟ್ಟು ಭಾರದಂತೆ ವರ್ತಿಸುತ್ತದೆ.

ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ 1990ರಲ್ಲಿ ಕೊಲೊರಾಡೊದ ಡುರಾಂಗೊದಲ್ಲಿ ನಡೆಯಿತು. ಗುಡ್ಡ ಹತ್ತಿ ಇಳಿಯುವ ಸುತ್ತುಗಳ ಕ್ರಾಸ್-ಕಂಟ್ರಿ ಸ್ಪರ್ಧೆ 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಸೇರಿತು. ನೆದರ್ಲೆಂಡ್ಸಿನ ಬಾರ್ಟ್ ಬ್ರೆಂಟ್ಯೆನ್ಸ್ ಮತ್ತು ಇಟಲಿಯ ಪಾವೊಲಾ ಪೆಜ್ಜೊ ಚಿನ್ನ ಗೆದ್ದರು. ಅದೇ ದಶಕದಲ್ಲಿ ಹಗುರತನವು ಒಂದು ಗೀಳಾಯಿತು. ಟೈಟಾನಿಯಂ ಬೋಲ್ಟುಗಳು, ಕೊರೆದು ತೆಳುವಾಗಿಸಿದ ಕ್ರ್ಯಾಂಕುಗಳು, ನೇರಳೆ ಬಣ್ಣದ ಅಲ್ಯೂಮಿನಿಯಂ ಭಾಗಗಳು ಅಂಗಡಿಗಳನ್ನು ತುಂಬಿದವು. ಅವುಗಳಲ್ಲಿ ಮುರಿದುಹೋದವೂ ಕಡಿಮೆಯಲ್ಲ. ಗಟ್ಟಿ, ಹಗುರ, ಅಗ್ಗ ಎಂಬ ಮೂರರಲ್ಲಿ ಎರಡನ್ನಷ್ಟೇ ಆರಿಸಿಕೊಳ್ಳಬಹುದು ಎಂಬ ಪ್ರಸಿದ್ಧ ಮಾತು ಫ್ರೇಮು ತಯಾರಕ ಕೀತ್ ಬಾಂಟ್ರೇಗರ್ ಅವರದೆಂದು ಹೇಳಲಾಗುತ್ತದೆ. ಅಂದಿನ ನಿಯಮದಂತೆ ಸ್ಪರ್ಧಿಯು ಹೊರಗಿನವರ ನೆರವು ಪಡೆಯುವಂತಿರಲಿಲ್ಲ. ಮುರಿದುದನ್ನು ತಾನೇ ದಾರಿಯಲ್ಲಿ ಸರಿಪಡಿಸಿಕೊಳ್ಳಬೇಕಿತ್ತು. ಮುರಿಯುವ ಭಾಗವೆಂದರೆ ಸೋತ ಓಟವೇ ಸರಿ.

ಇಲ್ಲಿ ಒಂದು ಸರಳ ಲೆಕ್ಕವನ್ನು ಮಾಡಿ ನೋಡೋಣ. ಸವಾರ ಮತ್ತು ಸೈಕಲ್ಲು ಸೇರಿ 80 ಕಿಲೋ ಇದ್ದರೆ, ಒಂದು ಕಿಲೋ ಇಳಿಸಿದಾಗ ಹೊರೆಯ 80ರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಓಟದಲ್ಲಿ ಒಟ್ಟು 40 ನಿಮಿಷ ಕಡಿದಾದ ಏರನ್ನು ಹತ್ತುವುದಿದ್ದರೆ, ಉಳಿಯುವುದು ಹೆಚ್ಚೆಂದರೆ 30 ಸೆಕೆಂಡು. ಸ್ಪರ್ಧೆಯಲ್ಲಿ ಅದು ಅಲ್ಪವೇನಲ್ಲ. ಆದರೆ ತೆಳುವಾದ ಟೈರು ಒಮ್ಮೆ ಹರಿದರೆ ದಾರಿಬದಿಯಲ್ಲಿ ಕಳೆದುಹೋಗುವುದು ನಿಮಿಷಗಳು.

ಈ ಕಾರಣದಿಂದಲೇ, ತೂಕವನ್ನು ಹೆಚ್ಚಿಸಿದ ಹಲವು ಭಾಗಗಳೂ ಓಟದಲ್ಲಿ ನೆಲೆ ಕಂಡವು. 1989ರ ಸುಮಾರಿಗೆ ಬಂದ ರಾಕ್‌ಷಾಕ್ಸ್‌ನ ಕುಲುಕು ತಡೆಯುವ ಫೋರ್ಕು ಸಾಮಾನ್ಯ ಫೋರ್ಕಿಗಿಂತ ಭಾರವಾಗಿತ್ತು. ಮುಂದೆ ಡಿಸ್ಕ್ ಬ್ರೇಕು, 29 ಅಂಗುಲದ ದೊಡ್ಡ ಚಕ್ರಗಳೂ ಹಾಗೆಯೇ. ಆದರೂ ಅವು ಸವಾರನ ಹಿಡಿತವನ್ನು ಕಾದವು, ದಣಿವನ್ನು ತಗ್ಗಿಸಿದವು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವಿಟ್ಜರ್ಲೆಂಡಿನ ನಿನೊ ಶೂರ್ಟರ್ 27.5 ಅಂಗುಲದ ಚಕ್ರಗಳ, ಹಿಂಬದಿಗೆ ಸಸ್ಪೆನ್ಷನ್ ಇಲ್ಲದ ಸೈಕಲ್ಲನ್ನು ಏರಿದ್ದರು. ಚೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ಆರಿಸಿಕೊಂಡದ್ದು 29 ಅಂಗುಲದ ಚಕ್ರಗಳ, ಮುಂದೂ ಹಿಂದೂ ಸಸ್ಪೆನ್ಷನ್ ಇರುವ ಸೈಕಲ್ಲನ್ನು. ಚಿನ್ನ ಕುಲ್ಹಾವಿಯವರದಾಯಿತು, ಅಂತರ ಒಂದೇ ಸೆಕೆಂಡು. ಒಂದು ಸೆಕೆಂಡಿನ ಗೆಲುವನ್ನು ಸೈಕಲ್ಲಿಗೇ ಕಟ್ಟಿಕೊಡಲಾಗದು. ಆದರೆ ಹೆಚ್ಚಿನ ಭಾಗಗಳನ್ನು ಹೊತ್ತವರೂ ಗೆಲ್ಲಬಲ್ಲರೆಂಬುದು ಅಂದು ಎಲ್ಲರ ಕಣ್ಣೆದುರಿಗೇ ಕಂಡಿತು.

ನಷ್ಟವಿಲ್ಲದೆ ತೂಕ ಇಳಿಸಿದ ದಾರಿಗಳೂ ಇವೆ. 1999ರಲ್ಲಿ ಮ್ಯಾವಿಕ್ ಸಂಸ್ಥೆಯು ಟ್ಯೂಬಿಲ್ಲದ ಟೈರಿನ ವ್ಯವಸ್ಥೆಯನ್ನು ತಂದಿತು. ಕಾಲಕ್ರಮದಲ್ಲಿ ಟೈರಿನೊಳಗೆ ದ್ರವ ಸುರಿದು ಸಣ್ಣ ತೂತುಗಳು ತಾವಾಗಿ ಮುಚ್ಚಿಕೊಳ್ಳುವಂತೆ ಮಾಡುವುದು ರೂಢಿಯಾಯಿತು. 2012ರಲ್ಲಿ ಸ್ರ್ಯಾಮ್ ಸಂಸ್ಥೆಯು ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹನ್ನೊಂದು ಇರುವ ಏರ್ಪಾಟನ್ನು ಹೊರತಂದಿತು. ಮುಂದಿನ ಡಿರೇಲರ್, ಅದರ ಕೇಬಲ್ಲು, ಅದರ ಸನ್ನೆ ಮೂರೂ ಅನಗತ್ಯವಾದವು. ಭಾಗವನ್ನು ತೆಳುಗೊಳಿಸುವುದಕ್ಕಿಂತ ಬೇಡದ ಭಾಗವನ್ನೇ ತೆಗೆದುಹಾಕುವುದು ಜಾಣತನವೆಂಬುದಕ್ಕೆ ಇವೆರಡೂ ನಿದರ್ಶನ.

ಹಾಗೆಂದು ಟೈರಿನ ಚಿಂತೆ ಮುಗಿದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಓಟದ ನಡುವೆ ಪಂಕ್ಚರಾಗಿ ಹಿಂದೆ ಬಿದ್ದರೂ, ಚಕ್ರ ಬದಲಿಸಿಕೊಂಡು ಕೊನೆಯ ಸುತ್ತಿನಲ್ಲಿ ಚಿನ್ನ ಗೆದ್ದರು. ಮಹಿಳೆಯರ ಓಟದಲ್ಲಿ ಎರಡನೆಯ ಸ್ಥಾನದಲ್ಲಿದ್ದ ನೆದರ್ಲೆಂಡ್ಸಿನ ಪಕ್ ಪೀಟರ್ಸ ಅವರಿಗೆ ಪಂಕ್ಚರೇ ಪದಕವನ್ನು ತಪ್ಪಿಸಿತು. ಅವರು ನಾಲ್ಕನೆಯವರಾಗಿ ಮುಗಿಸಿದರು.

ನಮ್ಮ ಮನೆಗಳಿಗೆ ಈ ಇತಿಹಾಸ ಹೇಳುವುದಿಷ್ಟು. 45 ಕಿಲೋ ತೂಗುವ ಮಗುವಿಗೆ 13 ಕಿಲೋ ಸೈಕಲ್ಲು ನಿಜಕ್ಕೂ ಹೊರೆ. ಹಗುರ ಬೇಕೆಂಬ ಅದರ ಮಾತನ್ನು ಹಟವೆಂದು ತಳ್ಳಿಹಾಕುವಂತಿಲ್ಲ. ಮೊದಲು ಟ್ಯೂಬನ್ನು ತೆಗೆಸಿ, ಬದಿ ಗಟ್ಟಿಯಾದ ಒಳ್ಳೆಯ ಟೈರು ಹಾಕಿಸೋಣ. ಆಮೇಲೆ, ಅನುಕೂಲವಿದ್ದರೆ, ಚಕ್ರಗಳು. ಹ್ಯಾಂಡಲ್, ಸೀಟಿನ ಕಂಬ, ಬೋಲ್ಟುಗಳಲ್ಲಿ ಉಳಿಯುವುದು ಕೆಲವೇ ಗ್ರಾಮು, ಮುರಿದರೆ ಪೆಟ್ಟಾಗುವುದು ಮಗುವಿಗೆ; ಆದ್ದರಿಂದ ಅವು ಕೊನೆಗಿರಲಿ. ಬೆಳೆಯುವ ಮಕ್ಕಳಿಗೆ ಎರಡು ವರ್ಷಗಳಲ್ಲಿ ಫ್ರೇಮೇ ಚಿಕ್ಕದಾಗಬಹುದೆಂಬುದನ್ನೂ ಅಳೆದು ತೂಗಿ ಕೊಳ್ಳುವುದು ಒಳಿತು.